ದಿನಸಿ ಕೂಡಿಡಿ, ಆದರೆ ಯಾವುದನ್ನು?

ತಿಂಗಳ ಸಾಮಾನು ಬಂದ ದಿನ ಮನೆಯಲ್ಲಿ ಒಂದು ಬಗೆಯ ನೆಮ್ಮದಿ ಇರುತ್ತದೆ. ಅಕ್ಕಿಯ ಡಬ್ಬ ತುಂಬಿದೆ, ಎಣ್ಣೆಯ ಕ್ಯಾನ್ ಮೂಲೆಯಲ್ಲಿದೆ, ಮಕ್ಕಳಿಗೆ ಇಷ್ಟದ ಬಿಸ್ಕತ್ತು, ಮನೆಯವರಿಗೆ ಇಷ್ಟದ ಗೋಡಂಬಿ, ನಿಮಗೆ ಇಷ್ಟದ ಚಹಾಪುಡಿ ಎಲ್ಲವೂ ಕಪಾಟಿನಲ್ಲಿ ಸಾಲಾಗಿ ಕುಳಿತಿವೆ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೂ ಅಂಗಡಿಗೆ ಓಡಬೇಕಾಗಿಲ್ಲ. ಈ ನೆಮ್ಮದಿಯನ್ನು ಹಗುರವಾಗಿ ಕಾಣುವವನು ನಾನಲ್ಲ. ಮನೆ ನಡೆಸುವವರಿಗೆ ಮಾತ್ರ ಅದರ ಬೆಲೆ ಗೊತ್ತು.

ಒಟ್ಟಿಗೆ ಸಾಮಾನು ತರುವುದರಲ್ಲಿ ಅನುಕೂಲವೂ ಇದೆ. ಗಲ್ಫ್‌ನಿಂದ ಹಣ ಬರುವ ಮನೆಗಳಲ್ಲಿ ಖರ್ಚು ತಿಂಗಳಿಗೊಮ್ಮೆ ಲೆಕ್ಕವಾಗುತ್ತದೆ. ಸಗಟು ಅಂಗಡಿಯಲ್ಲಿ ಮೂಟೆ ಅಕ್ಕಿಗೆ ಕಿಲೋ ಮೇಲೆ ನಾಲ್ಕಾರು ರೂಪಾಯಿ ಉಳಿಯುತ್ತದೆ. ರಮಝಾನ್ ತಿಂಗಳಲ್ಲಿ ಉಪವಾಸದ ದೇಹವನ್ನು ಹೊತ್ತು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿಯ ಮುಂದೆ ನಿಲ್ಲುವುದಕ್ಕಿಂತ ಶಅಬಾನ್‌ನಲ್ಲೇ ಸಾಮಾನು ತಂದಿಡುವುದು ಜಾಣತನ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಮನೆಯಲ್ಲಿ ಹದಿನೈದು ದಿನದ ಅಕ್ಕಿ ಬೇಳೆ ಇದ್ದವರು ಎಷ್ಟು ನಿರಾಳವಾಗಿದ್ದರು ಎಂಬುದನ್ನು ನಾವು ಕಂಡಿದ್ದೇವೆ.

ಹಾಗಾದರೆ ವೈದ್ಯನಾದ ನನಗೆ ಇದರಲ್ಲಿ ಹೇಳುವುದೇನಿದೆ? ಒಂದೇ ಮಾತು. ನಾವು ಕೂಡಿಡುವ ಪಟ್ಟಿ ಇತ್ತೀಚೆಗೆ ತಲೆಕೆಳಗಾಗಿದೆ. ವರ್ಷವಿಟ್ಟರೂ ಕೆಡದ ಅಕ್ಕಿ, ಕಾಳುಗಳನ್ನು ಎರಡೆರಡು ಕಿಲೋ ತರುತ್ತೇವೆ. ಬೇಗ ಕೆಡುವ ಪುಡಿ, ಹಿಟ್ಟು, ಎಣ್ಣೆ, ಒಣಹಣ್ಣುಗಳನ್ನು ಮತ್ತು ಕೆಡದಿದ್ದರೂ ನಮ್ಮನ್ನು ಕೆಡಿಸುವ ಸಕ್ಕರೆ, ಶರಬತ್ತು, ಕುರುಕಲು ತಿಂಡಿಗಳನ್ನು ರಾಶಿ ಹಾಕುತ್ತೇವೆ. ಕೂಡಿಡುವುದು ತಪ್ಪಲ್ಲ. ಯಾವುದನ್ನು ಕೂಡಿಡುತ್ತೇವೆ ಎಂಬುದರ ಮೇಲೆ ಮನೆಯವರ ಆರೋಗ್ಯ ನಿಂತಿದೆ.

ಹಿರಿಯರ ಉಗ್ರಾಣದಲ್ಲಿ ಏನಿತ್ತು?

ಕರಾವಳಿಯ ಮನೆಗಳಿಗೆ ಕೂಡಿಡುವುದು ಹೊಸ ವಿಷಯವೇನಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಮೂರು ತಿಂಗಳು ಬಿಸಿಲು ಕಾಣುವುದೇ ಅಪರೂಪ. ಆಟಿ ತಿಂಗಳಲ್ಲಿ ಗದ್ದೆಯಲ್ಲಿ ಕೆಲಸವಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ, ಕೈಯಲ್ಲಿ ಕಾಸಿಲ್ಲ. ಆದ್ದರಿಂದ ಬೇಸಗೆಯಲ್ಲೇ ತಯಾರಿ ನಡೆಯುತ್ತಿತ್ತು. ಕುಚ್ಚಲಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು. ಕೆಂಪು ಮೆಣಸನ್ನು ಚಾಪೆಯ ಮೇಲೆ ಗಲಗಲ ಎನ್ನುವಷ್ಟು ಒಣಗಿಸುತ್ತಿದ್ದರು. ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರೆಸಿ ಭರಣಿಗೆ ತುಂಬುತ್ತಿದ್ದರು. ಒಣಮೀನು, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಹುರುಳಿ, ಹೆಸರು, ತೆಂಗಿನಕಾಯಿ. ಇವಿಷ್ಟು ಮಳೆಗಾಲದ ಆಸ್ತಿ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿ. ಇದರಲ್ಲಿರುವುದೆಲ್ಲ ಒಂದೋ ಇಡಿಯಾಗಿದೆ, ಇಲ್ಲವೇ ಚೆನ್ನಾಗಿ ಒಣಗಿದೆ, ಇಲ್ಲವೇ ಉಪ್ಪಿನಲ್ಲಿದೆ. ಪುಡಿ ಮಾಡಿದ್ದು ಒಂದೂ ಇಲ್ಲ. ಮೆಣಸನ್ನು ಅರೆಯುವುದು ಅಂದಂದಿನ ಅಡುಗೆಗೆ. ಎಣ್ಣೆ ಗಾಣದಿಂದ ಬರುತ್ತಿದ್ದುದು ಬೇಕಾದಷ್ಟೇ.

ಈ ಜಾಣ್ಮೆ ಬಹಳ ಹಳೆಯದು. ಪವಿತ್ರ ಕುರ್‌ಆನ್‌ನ ಸೂರಃ ಯೂಸುಫ್‌ನ 47ನೇ ಸೂಕ್ತದಲ್ಲಿ ಪ್ರವಾದಿ ಯೂಸುಫ್(ಅ) ಬರಗಾಲಕ್ಕೆ ಮುಂಚಿನ ವರ್ಷಗಳ ಬೆಳೆಯನ್ನು ಕಾಪಾಡುವ ವಿಧಾನ ಹೇಳುವುದು ನಿಮಗೆ ತಿಳಿದೇ ಇದೆ. ತಿನ್ನಲು ಬೇಕಾದ ಸ್ವಲ್ಪವನ್ನು ಬಿಟ್ಟು ಉಳಿದುದನ್ನು ತೆನೆಯಲ್ಲೇ ಇಡಬೇಕೆಂದು ಅವರು ಸೂಚಿಸಿದರು. ಧಾನ್ಯದ ಸಂಗ್ರಹದ ಬಗ್ಗೆ ಇಂದಿನ ಕೃಷಿ ವಿಜ್ಞಾನಿಗೂ ಇದರಲ್ಲಿ ತಿದ್ದಲು ಏನಿಲ್ಲ. ತೆನೆ, ಹೊಟ್ಟು, ಸಿಪ್ಪೆ ಇವು ಕಾಳಿಗೆ ಅಲ್ಲಾಹನು ತೊಡಿಸಿದ ಅಂಗಿ. ಅಂಗಿ ಇರುವ ತನಕ ಗಾಳಿ, ತೇವ, ಬೆಳಕು ಒಳಗೆ ಹೋಗುವುದು ಕಷ್ಟ. ಅದನ್ನು ಕಳಚಿ, ಒಡೆದು, ಬೀಸಿದ ಕೂಡಲೇ ಒಳಗಿನ ಎಣ್ಣೆಯಂಶ ಗಾಳಿಗೆ ತೆರೆದುಕೊಳ್ಳುತ್ತದೆ, ಪರಿಮಳ ಹಾರಿಹೋಗುತ್ತದೆ.

ಯುನಾನಿ ಔಷಧ ತಯಾರಿಸುವವರಿಗೂ ಇದು ದಿನನಿತ್ಯದ ಅನುಭವ. ಬೇರು, ತೊಗಟೆ, ಇಡೀ ಬೀಜಗಳು ಸರಿಯಾಗಿ ಇಟ್ಟರೆ ಬಹಳ ಕಾಲ ತಮ್ಮ ಗುಣ ಉಳಿಸಿಕೊಳ್ಳುತ್ತವೆ. ಅವನ್ನೇ ಕುಟ್ಟಿ ಸಫೂಫ್, ಅಂದರೆ ಚೂರ್ಣ ಮಾಡಿದರೆ ಬೇಗನೆ ಗುಣ ಕಳೆದುಕೊಳ್ಳುತ್ತವೆ. ಅದೇ ಚೂರ್ಣವನ್ನು ಜೇನು ಅಥವಾ ಸಕ್ಕರೆ ಪಾಕದಲ್ಲಿ ಕಲಸಿ ಮಾಜೂನ್ ಮಾಡಿದರೆ ಮತ್ತೆ ಬಾಳಿಕೆ ಹೆಚ್ಚುತ್ತದೆ. ಹಕೀಮರ ಕಪಾಟಿಗೆ ಸಲ್ಲುವ ಈ ನಿಯಮ ನಿಮ್ಮ ಅಡುಗೆಮನೆಯ ಕಪಾಟಿಗೂ ಸಲ್ಲುತ್ತದೆ.

ಯಾವುದು ಎಷ್ಟು ದಿನ?

ಒಂದೊಂದಾಗಿ ನೋಡೋಣ.

ಅಕ್ಕಿ ಕೂಡಿಡಲು ಹೇಳಿ ಮಾಡಿಸಿದ ವಸ್ತು. ಬೆಳ್ತಿಗೆ ಇರಲಿ, ಕುಚ್ಚಲಕ್ಕಿ ಇರಲಿ, ಒಣಗಿದ ಡಬ್ಬದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬಿರಿಯಾನಿಯ ಬಾಸ್ಮತಿಯಂತೂ ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆ. ಆದರೆ ಸಕ್ಕರೆ ಕಾಯಿಲೆಗೆಂದು ನೀವು ತರುವ ಪಾಲಿಶ್ ಮಾಡದ ಕಂದು ಅಕ್ಕಿ ಹಾಗಲ್ಲ. ಅದರ ತೌಡಿನ ಪದರದಲ್ಲಿ ಎಣ್ಣೆಯಿದೆ, ಬೇಗ ಕಮಟು ವಾಸನೆ ಬರುತ್ತದೆ. ಅದನ್ನು ತಿಂಗಳಿಗೆ ಬೇಕಾದಷ್ಟೇ ತನ್ನಿ.

ಕಾಳುಗಳಲ್ಲಿ ಹೆಸರು, ಕಡಲೆ, ಹುರುಳಿ, ಅಲಸಂಡೆ ಎಲ್ಲವನ್ನೂ ಧಾರಾಳವಾಗಿ ಇಟ್ಟುಕೊಳ್ಳಬಹುದು. ತಂದ ಕೂಡಲೇ ಒಂದೆರಡು ಬಿಸಿಲು ತೋರಿಸಿ, ಆರಿದ ಮೇಲೆ ಡಬ್ಬಕ್ಕೆ ತುಂಬಿ. ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗೆ ಬೆವರು ಹನಿಯುತ್ತದೆ. ಬಹಳ ಹಳೆಯ ಕಾಳು ಬೇಯಲು ಹೆಚ್ಚು ಹೊತ್ತು ಬೇಕು, ಅಷ್ಟೇ.

ರವೆ, ಮೈದಾ, ಗೋಧಿಹಿಟ್ಟು, ಕಡಲೆಹಿಟ್ಟು ಹುಳಕ್ಕೆ ಪ್ರಿಯ. ರಮಝಾನ್‌ಗೆಂದು ಸಮೋಸ, ಪರೋಟಕ್ಕಾಗಿ ಐದಾರು ಕಿಲೋ ಮೈದಾ ತಂದು, ಹಬ್ಬದ ನಂತರ ಎರಡು ಕಿಲೋ ಹಾಗೇ ಉಳಿದು, ಮಳೆಗಾಲ ಬರುವಾಗ ಅದರಲ್ಲಿ ಹುಳ ಹರಿದಾಡುವುದು ಎಷ್ಟು ಮನೆಗಳ ಕತೆ! ರವೆಯನ್ನಾದರೆ ಹುರಿದಿಡಬಹುದು. ಹಿಟ್ಟನ್ನು ಹದಿನೈದು ದಿನಕ್ಕೆ, ಹೆಚ್ಚೆಂದರೆ ತಿಂಗಳಿಗೆ ಸಾಲುವಷ್ಟೇ ತರುವುದು ಮೇಲು.

ಮಸಾಲೆಯ ವಿಷಯದಲ್ಲಿ ನಿಯಮ ಇನ್ನೂ ಸರಳ. ಲವಂಗ, ಏಲಕ್ಕಿ, ಚಕ್ಕೆ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು ಇವನ್ನು ಇಡಿಯಾಗಿ ಇಡಿ. ಪುಡಿಯನ್ನು ಸಣ್ಣ ಬಾಟಲಿಯಲ್ಲಿ, ಎರಡು ಮೂರು ವಾರಕ್ಕೆ ಆಗುವಷ್ಟೇ ಮಾಡಿ. ಮಸಾಲೆಯ ರುಚಿಯೂ ಔಷಧ ಗುಣವೂ ಇರುವುದು ಅದರ ಆವಿಯಾಗುವ ಎಣ್ಣೆಯಲ್ಲಿ. ಒಂದು ವರ್ಷದ ಹಳೆಯ ಜೀರಿಗೆ ಪುಡಿಯಲ್ಲಿ ಬಣ್ಣ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಕಲೋಂಜಿಯೂ ಹಾಗೆಯೇ. ಕಾಳನ್ನು ಇಟ್ಟುಕೊಳ್ಳಿ, ಅದರ ಎಣ್ಣೆಯ ದೊಡ್ಡ ಬಾಟಲಿ ತಂದು ವರ್ಷಗಟ್ಟಲೆ ಇಡಬೇಡಿ.

ಬಾದಾಮಿ, ಅಕ್ರೋಟು, ಪಿಸ್ತಾ, ಗೋಡಂಬಿ ನಮ್ಮ ಮನೆಗಳ ಪ್ರೀತಿಯ ದಾಸ್ತಾನು. ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಕಿಲೋಗಟ್ಟಲೆ ಬರುತ್ತವೆ. ಯುನಾನಿಯಲ್ಲಿ ಈ ತಿರುಳುಗಳಿಗೆ ಮಿದುಳು ಮತ್ತು ನರಗಳಿಗೆ ಬಲ ಕೊಡುವ ಆಹಾರವೆಂದು ಗೌರವದ ಸ್ಥಾನವಿದೆ. ಆದರೆ ಇವು ಎಣ್ಣೆಯ ಗಂಟುಗಳು. ಅದರಲ್ಲೂ ಅಕ್ರೋಟಿನ ಎಣ್ಣೆ ಬಹುಬೇಗ ಕಮಟಾಗುತ್ತದೆ. ನಾಲಿಗೆಗೆ ಕಹಿ ತಾಗಿದ ಅಕ್ರೋಟನ್ನು ‘ದುಬಾರಿ ಸಾಮಾನು’ ಎಂದು ಮಕ್ಕಳ ಬಾಯಿಗೆ ಹಾಕಬೇಡಿ. ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹೆಚ್ಚು ಬಂದರೆ ನೆರೆಮನೆಗೆ ಒಂದು ಪಾಲು ಕಳುಹಿಸಿ. ಒಳ್ಳೆಯದಿರುವಾಗಲೇ ಕೊಟ್ಟರೆ ಅದಕ್ಕೊಂದು ಅರ್ಥವಿದೆ.

ಶೇಂಗಾ ಮತ್ತು ಒಣಕೊಬ್ಬರಿಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ತೇವ ತಾಗಿದ ಶೇಂಗಾ, ಮೆಕ್ಕೆಜೋಳ, ಕೊಬ್ಬರಿಗಳ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಮೊದಲು ಬೆಳಕಿಗೆ ಬಂತು. ಅವುಗಳ ಮೇವಿನ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತು. ನಮ್ಮ ದೇಶದಲ್ಲೇ 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ಬಡವರಲ್ಲಿ ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ತೊಂದರೆಯಿಂದ ಸತ್ತರು. ಅಷ್ಟು ತಿಂದರೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆ ಸೇರಿದರೂ ಅದು ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡಬಲ್ಲದು. ಹುರಿದರೆ, ಕುದಿಸಿದರೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಬಣ್ಣಗೆಟ್ಟ, ಸುಕ್ಕುಗಟ್ಟಿದ, ಮುಗ್ಗಲು ವಾಸನೆಯ ಶೇಂಗಾವನ್ನು ಆರಿಸಿ ಎಸೆಯಿರಿ. ಬೂಷ್ಟು ಹಿಡಿದ ಕೊಬ್ಬರಿಯನ್ನು ಒರಸಿ ಉಪಯೋಗಿಸುವ ಅಭ್ಯಾಸ ಬಿಡಿ. ಎಸೆಯುವಾಗ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ಆ ಕಸಿವಿಸಿ ಮುಂದಿನ ಬಾರಿ ಕಡಿಮೆ ಕೊಳ್ಳಲು ನೆನಪಾಗಿ ಉಳಿಯಲಿ.

ಖರ್ಜೂರ ಒಣಹಣ್ಣಾದರೂ ಅದರಲ್ಲಿ ತೇವವಿದೆ. ಮೆತ್ತಗಿನ ಜಾತಿಗಳಿಗೆ ತೇವ ಇನ್ನೂ ಹೆಚ್ಚು. ಮೇಲೆ ಕಾಣುವ ಬಿಳಿ ಚುಕ್ಕೆ ಎಷ್ಟೋ ಬಾರಿ ಸಕ್ಕರೆಯ ಹರಳು, ಬೂಷ್ಟಲ್ಲ. ಬೆರಳಲ್ಲಿ ತಿಕ್ಕಿದರೆ ಹರಳು ಕರಗುತ್ತದೆ. ಹುಳಿ ವಾಸನೆ ಬಂದರೆ, ನೂಲಿನಂತಹ ಬೂಷ್ಟು ಕಂಡರೆ ಬಿಡಿ. ಬೀಜ ತೆಗೆದು ಒಳಗೆ ನೋಡಿ ತಿನ್ನುವ ಅಭ್ಯಾಸ ಮಕ್ಕಳಿಗೆ ಕಲಿಸಿ, ಹುಳವಿದ್ದರೆ ಕಾಣುತ್ತದೆ. ದೀರ್ಘಕಾಲ ಇಡುವುದಾದರೆ ಫ್ರಿಜ್ಜೇ ಸರಿ. ಇನ್ನೊಂದು ಮಾತು. ಖರ್ಜೂರದ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವವರು ಇಫ್ತಾರ್‌ಗೆ ಒಂದೆರಡರಲ್ಲಿ ತೃಪ್ತರಾಗಬೇಕು.

ಜೇನು ತಾನಾಗಿ ಕೆಡುವುದಿಲ್ಲ. ಚಳಿಗೆ ಹರಳುಗಟ್ಟಿದರೆ ‘ಸಕ್ಕರೆ ಬೆರೆಸಿದ್ದಾರೆ’ ಎಂದು ಮಾರಿದವನನ್ನು ದೂರಬೇಡಿ, ಶುದ್ಧ ಜೇನೂ ಹರಳುಗಟ್ಟುತ್ತದೆ. ಒದ್ದೆ ಚಮಚ ಮಾತ್ರ ಹಾಕಬಾರದು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ. ಅದರಲ್ಲಿ ಇರಬಹುದಾದ ಒಂದು ರೋಗಾಣುವಿನ ಬೀಜಕಣವನ್ನು ಎಳೆಗರುಳು ತಡೆದುಕೊಳ್ಳಲಾರದು.

ಎಣ್ಣೆಗೆ ಮೂರು ಶತ್ರುಗಳು. ಬೆಳಕು, ಗಾಳಿ, ಬಿಸಿ. ಒಲೆಯ ಪಕ್ಕದಲ್ಲಿ ಮುಚ್ಚಳ ಸಡಿಲವಾಗಿ ಇಟ್ಟ ಪಾರದರ್ಶಕ ಬಾಟಲಿ ಈ ಮೂರಕ್ಕೂ ಬಾಗಿಲು ತೆರೆದಂತೆ. ತೆಂಗಿನೆಣ್ಣೆಗಿಂತ ಸೂರ್ಯಕಾಂತಿ ಎಣ್ಣೆ ಬೇಗ ಕಮಟಾಗುತ್ತದೆ. ದೊಡ್ಡ ಕ್ಯಾನ್ ತಂದರೂ ಕತ್ತಲು ಮೂಲೆಯಲ್ಲಿಟ್ಟು, ದಿನದ ಬಳಕೆಗೆ ಸಣ್ಣ ಪಾತ್ರೆಯಲ್ಲಿ ತೆಗೆದುಕೊಳ್ಳಿ. ಕರಿದು ಉಳಿದ ಎಣ್ಣೆಯನ್ನು ಹೊಸ ಎಣ್ಣೆಯ ಕ್ಯಾನಿಗೆ ಎಂದೂ ಸುರಿಯಬೇಡಿ. ಒಂದು ಲೋಟ ಹಳೆಯದು ಇಡೀ ಕ್ಯಾನನ್ನು ಕೆಡಿಸುತ್ತದೆ.

ತೇವವೇ ದೊಡ್ಡ ಶತ್ರು

ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ಆರು ತಿಂಗಳು ಉಳಿಯುವ ಸಾಮಾನು ಮಂಗಳೂರು, ಭಟ್ಕಳದ ಮಳೆಗಾಲದಲ್ಲಿ ಆರು ವಾರ ಉಳಿಯುವುದೂ ಕಷ್ಟ. ಆದ್ದರಿಂದ ‘ನಮ್ಮ ಅತ್ತೆ ಮನೆಯಲ್ಲಿ ಹೀಗೇ ಇಡುತ್ತಾರೆ’ ಎಂಬ ಮಾತು ಊರು ಬದಲಾದರೆ ನಡೆಯುವುದಿಲ್ಲ. ಡಬ್ಬ ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲಿರಲಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಹಳೆಯದು ಮುಗಿದ ಮೇಲೆ ಡಬ್ಬವನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ತುಂಬಿ. ಉಪ್ಪಿನ ಪ್ಯಾಕೆಟ್ ಕತ್ತರಿಸಿ ಒಲೆಯ ಬಳಿ ಬಾಯಿ ತೆರೆದು ಇಡುವುದರಿಂದ ಅದರ ಅಯೋಡಿನ್ ಕಡಿಮೆಯಾಗುತ್ತದೆ. ಮುಚ್ಚಳವಿರುವ ಡಬ್ಬಕ್ಕೆ ಹಾಕಿ.

ಹುಳಕ್ಕೆ ಬೇವಿನ ಎಲೆ, ಒಣಮೆಣಸು, ಲವಂಗ ಇಡುವುದು ನಮ್ಮ ರೂಢಿ. ಅದರಿಂದ ಹಾನಿಯಿಲ್ಲ. ಆದರೆ ಗೋದಾಮುಗಳಲ್ಲಿ ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರಾದರೂ ಕೊಟ್ಟರೆ ಮನೆಯೊಳಗೆ ತರಲೇಬೇಡಿ. ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದವರ ಜೀವವನ್ನೇ ತೆಗೆಯಬಲ್ಲದು. ಬೋರಿಕ್ ಪುಡಿಯನ್ನು ಅಕ್ಕಿಗೆ ಬೆರೆಸುವುದೂ ಬೇಡ. ನಾಲ್ಕು ಹುಳ ಆರಿಸುವ ಕಷ್ಟಕ್ಕೆ ವಿಷ ಪರಿಹಾರವಲ್ಲ.

ಫ್ರೀಜರ್ ಬಂದ ಮೇಲೆ ಮಾಂಸವೂ ದಾಸ್ತಾನಿನ ಪಟ್ಟಿಗೆ ಸೇರಿದೆ, ಮುಖ್ಯವಾಗಿ ಬಕ್ರೀದ್‌ನ ನಂತರ. ಬಡವರು ಹೆಚ್ಚಾಗಿ ಬಂದಿದ್ದ ಒಂದು ವರ್ಷ ಪ್ರವಾದಿ(ಸ) ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಡಬಾರದೆಂದು ತಡೆದು, ಮುಂದೆ ಇಡಲು ಅನುಮತಿ ಕೊಟ್ಟ ವಿಷಯ ಹದೀಸ್‌ಗಳಲ್ಲಿದೆ. ಮೊದಲು ಪಾಲು, ಆಮೇಲೆ ಫ್ರೀಜರ್ ಎಂಬ ಕ್ರಮವನ್ನು ನಾವು ಅದರಿಂದ ಕಲಿಯಬಹುದು. ವೈದ್ಯನಾಗಿ ನಾನು ಸೇರಿಸುವುದು ಇಷ್ಟು. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟು ಸಣ್ಣ ಸಣ್ಣ ಪೊಟ್ಟಣ ಮಾಡಿ, ದಿನಾಂಕ ಬರೆದು ಇಡಿ. ಕರಗಿಸುವಾಗ ಹೊರಗೆ ಸಿಂಕಿನ ಪಕ್ಕದಲ್ಲಿ ಇಡದೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ. ಹೊರಗಿಟ್ಟು ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ನಮ್ಮ ಮಳೆಗಾಲದಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಒಂದು ದಿನವಾದರೂ ಬರುವುದಿಲ್ಲ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಪುಟ್ಟ ಪೆಟ್ಟಿಗೆಯನ್ನು ನಂಬಿ ಹತ್ತು ಕಿಲೋ ಮಾಂಸ ತುಂಬಬೇಡಿ.

ಸಾಮಾನಿನ ಪಟ್ಟಿ ಕೊಡಿ, ಕಾಯಿಲೆ ಹೇಳುತ್ತೇನೆ

ಇದುವರೆಗೆ ಕೆಡುವ ಸಾಮಾನಿನ ಮಾತಾಯಿತು. ಕೆಡದೆ ಕೆಡಿಸುವವುಗಳ ಮಾತು ಇನ್ನೂ ಮುಖ್ಯ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಯುನಾನಿ ಶಾಸ್ತ್ರ ಎಣಿಸುತ್ತದೆ. ಗಾಳಿಯ ನಂತರ ಬರುವುದೇ ಆಹಾರ ಪಾನೀಯ. ಅದರಲ್ಲಿ ಗುಣದಷ್ಟೇ ಪ್ರಮಾಣವೂ ಮುಖ್ಯ. ನನ್ನ ಬಳಿ ಬರುವವರಲ್ಲಿ ‘ನೀವು ದಿನಕ್ಕೆ ಎಷ್ಟು ಎಣ್ಣೆ ತಿನ್ನುತ್ತೀರಿ?’ ಎಂದು ಕೇಳಿದರೆ ಎಲ್ಲರೂ ‘ಕಡಿಮೆಯೇ ಡಾಕ್ಟ್ರೇ’ ಎನ್ನುತ್ತಾರೆ. ‘ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ, ಮನೆಯಲ್ಲಿ ಎಷ್ಟು ಜನ?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಒಟ್ಟಿಗೆ ತರುವುದರ ದೊಡ್ಡ ಉಪಕಾರ ಇದೇ. ಲೆಕ್ಕ ಹಾಕಲು ಸಾಧ್ಯವಾಗುತ್ತದೆ.

ಐದು ಮಂದಿಯ ಮನೆಯೆಂದು ಇಟ್ಟುಕೊಳ್ಳಿ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಯಸ್ಕನೊಬ್ಬನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಐದು ಮಂದಿಗೆ ದಿನಕ್ಕೆ 25 ಗ್ರಾಂ. ಅಂದರೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 40 ದಿನ ಬರಬೇಕು. ಉಪ್ಪಿನಕಾಯಿ, ಒಣಮೀನು, ಹಪ್ಪಳ, ಬೇಕರಿ ತಿಂಡಿಗಳ ಉಪ್ಪು ಬೇರೆ ಇದೆ, ಆದ್ದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ?

ಎಣ್ಣೆ: ಹೆಚ್ಚು ಶ್ರಮದ ಕೆಲಸವಿಲ್ಲದವನಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಸಾಕು. ಐದು ಲೀಟರಿನ ಕ್ಯಾನನ್ನು ಐದು ಮಂದಿ ಒಂದು ತಿಂಗಳಲ್ಲಿ ಮುಗಿಸಿದರೆ ತಲೆಗೆ ದಿನಕ್ಕೆ 30 ಗ್ರಾಂ ಆಯಿತು. ಅಲ್ಲಿಗೆ ಮಿತಿ ಮುಗಿಯಿತು. ಹೊರಗಿನ ಪರೋಟ, ಚಿಪ್ಸಿಗೆ ಅದರಲ್ಲಿ ಜಾಗವಿಲ್ಲ. ರಮಝಾನ್‌ನಲ್ಲಿ ಎರಡು ಕ್ಯಾನ್ ಖಾಲಿಯಾದರೆ ತಲೆಗೆ 60 ಗ್ರಾಂ. ಹಗಲು ಹಸಿದು ಕೊಟ್ಟ ವಿಶ್ರಾಂತಿಯನ್ನು ಜಠರದಿಂದ ರಾತ್ರಿ ಕಸಿದುಕೊಂಡಂತೆ.

ಸಕ್ಕರೆ: ಬೆರೆಸಿ ತಿನ್ನುವ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. 25 ಗ್ರಾಂನಂತೆ ಐದು ಮಂದಿಗೆ ತಿಂಗಳಿಗೆ ಮುಕ್ಕಾಲು ಸೇರಿಸಿ ಮೂರು ಕಿಲೋ. ಬೆಲ್ಲ, ಜೇನು, ಶರಬತ್ತು, ಬಿಸ್ಕತ್ತು, ತಂಪು ಪಾನೀಯದಲ್ಲಿರುವುದೂ ಇದರೊಳಗೇ ಬರಬೇಕು. ಮನೆಯಲ್ಲಿ ಪುಟ್ಟ ಮಕ್ಕಳೋ ಸಕ್ಕರೆ ಕಾಯಿಲೆಯವರೋ ಇದ್ದರೆ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ಈ ಮೂರು ಸಾಲುಗಳನ್ನು ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬಿದ ಯಕೃತ್ತು ಎಲ್ಲಿಂದ ಬರುತ್ತವೆ ಎಂದು ಬೇರೆ ಕಡೆ ಹುಡುಕಬೇಕಾಗಿಲ್ಲ.

ಇಷ್ಟದ ವಸ್ತು ಹೆಚ್ಚಿದ್ದರೆ

ಮನೆಯಲ್ಲಿ ಇರುವುದನ್ನು ಮನೆಯವರು ತಿನ್ನುತ್ತಾರೆ. ಇದು ಮನುಷ್ಯ ಸ್ವಭಾವ. ಒಂದು ಪ್ಯಾಕೆಟ್ ಬಿಸ್ಕತ್ತು ಇದ್ದರೆ ಎಲ್ಲರಿಗೂ ಎರಡೆರಡು ಹಂಚುತ್ತೀರಿ. ಹನ್ನೆರಡು ಪ್ಯಾಕೆಟ್ ಇದ್ದರೆ ಹಂಚುವ ಮಾತೇ ಇಲ್ಲ, ಕೈ ತಾನಾಗಿ ಹೋಗುತ್ತದೆ. ಕಣ್ಣೆದುರಿಗೆ ಶರಬತ್ತಿನ ನಾಲ್ಕು ಬಾಟಲಿ ಇಟ್ಟು ಮಗುವಿಗೆ ‘ನೀರು ಕುಡಿ’ ಎಂದರೆ ಅದು ಕೇಳುವುದಿಲ್ಲ. ಆ ಮಗುವಿನ ಜಾಗದಲ್ಲಿ ನಾವಿದ್ದರೂ ಕೇಳುತ್ತಿರಲಿಲ್ಲ.

‘ಒಂದು ಕೊಂಡರೆ ಒಂದು ಉಚಿತ ಇತ್ತು ಡಾಕ್ಟ್ರೇ, ಅದಕ್ಕೇ ತಂದೆವು’ ಎನ್ನುವಿರಿ. ಉಚಿತವಾಗಿ ಬಂದದ್ದು ಯಾವುದು ನೋಡಿ. ಕಡಲೆ, ಹೆಸರುಕಾಳು ಹೀಗೆ ಸಿಗುವುದು ಅಪರೂಪ. ಸಿಗುವುದು ನೂಡಲ್ಸ್, ಚಿಪ್ಸ್, ಕುಕೀಸ್, ತಂಪು ಪಾನೀಯ. ಎಷ್ಟೋ ಸಲ ಅವುಗಳ ದಿನಾಂಕವೂ ಹತ್ತಿರ ಬಂದಿರುತ್ತದೆ. ಪ್ಯಾಕೆಟ್ ಮೇಲೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದರೆ ಆ ದಿನದ ನಂತರ ತಿನ್ನಬಾರದು. ‘ಬೆಸ್ಟ್ ಬಿಫೋರ್’ ಎಂದರೆ ಅಲ್ಲಿಯವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂದರ್ಥ. ಎರಡೂ ದಿನಾಂಕ ಒಡೆಯದ ಪ್ಯಾಕೆಟ್ಟಿಗೆ ಹೇಳಿದ್ದು. ಒಡೆದ ಮೇಲೆ ಆ ಲೆಕ್ಕ ನಡೆಯುವುದಿಲ್ಲ.

ಇಷ್ಟದ್ದನ್ನು ತರಲೇಬಾರದೇ? ತನ್ನಿ. ಇಷ್ಟದ್ದನ್ನು ವಾರಕ್ಕೊಮ್ಮೆ, ವಾರಕ್ಕಾಗುವಷ್ಟು ತನ್ನಿ. ಮುಗಿದರೆ ಮುಂದಿನ ವಾರದವರೆಗೆ ಕಾಯಲಿ. ಕಾಯುವುದರಿಂದ ರುಚಿ ಹೆಚ್ಚುತ್ತದೆ. ದಿನನಿತ್ಯದ ಅಕ್ಕಿ, ಕಾಳು, ಇಡೀ ಮಸಾಲೆ, ಹುಣಸೆ, ಉಪ್ಪು ಇವನ್ನು ತಿಂಗಳಿಗೋ ಮೂರು ತಿಂಗಳಿಗೋ ಒಟ್ಟಿಗೆ ತನ್ನಿ. ಹಣ ಉಳಿಯುವುದೂ ಅಲ್ಲೇ. ಅಕ್ಕಿ ಅಗ್ಗಕ್ಕೆ ಬಂತೆಂದು ಯಾರೂ ಎರಡು ತಟ್ಟೆ ಹೆಚ್ಚು ಉಣ್ಣುವುದಿಲ್ಲ. ಚಿಪ್ಸ್ ಅಗ್ಗಕ್ಕೆ ಬಂದರೆ ಉಳಿದ ಹಣ ಹೊಟ್ಟೆಗೇ ಹೋಗುತ್ತದೆ, ಆಮೇಲೆ ಔಷಧದಂಗಡಿಗೆ.

ಇದರಲ್ಲಿ ನೆರೆಹೊರೆಯ ಹಕ್ಕೂ ಇದೆ. ಪ್ರವಾದಿ(ಸ) ತಮ್ಮ ಮನೆಯವರಿಗಾಗಿ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಹೀಗಾಗಿ ಮನೆಗೆಂದು ಕೂಡಿಡುವುದರಲ್ಲಿ ಸಂಕೋಚವೇನೂ ಬೇಡ. ಬೆಲೆ ಏರಲಿ ಎಂದು ಬಚ್ಚಿಡುವ ಇಹ್ತಿಕಾರ್ ಬೇರೆ, ಅದು ನಿಷಿದ್ಧ. ಆದರೆ ಹಬ್ಬದ ಹಿಂದಿನ ವಾರ ಎಲ್ಲರೂ ಒಮ್ಮೆಗೇ ಮುಗಿಬಿದ್ದು ಅಂಗಡಿ ಖಾಲಿ ಮಾಡಿದರೆ ದಿನಗೂಲಿಯಲ್ಲಿ ಅರ್ಧ ಕಿಲೋ ಕೊಳ್ಳುವವನಿಗೆ ಏರಿದ ಬೆಲೆಯ ಪಾಲು ಬೀಳುತ್ತದೆ. ಕೂಡಿಡಲು ಶಕ್ತಿಯಿರುವವರು ಎರಡು ತಿಂಗಳು ಮುಂಚೆ, ಬೆಲೆ ಇಳಿದಿರುವಾಗ, ಸ್ವಲ್ಪ ಸ್ವಲ್ಪವಾಗಿ ಕೊಳ್ಳಿ. ಅದರಿಂದ ನಿಮಗೂ ಲಾಭ, ಅವರಿಗೂ ತೊಂದರೆಯಿಲ್ಲ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಮನೆಯಲ್ಲಿ ಏನಿದೆ ಎಂದು ನೋಡದೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಗಾಡಿ ತುಂಬಿಸುವವರು ಹೆಚ್ಚಾಗಿ ನಾವೇ. ಹುಳ ಆರಿಸುವವರು, ಡಬ್ಬ ಒಣಗಿಸುವವರು, ಕೆಟ್ಟುಹೋದಾಗ ಮಾತು ಕೇಳುವವರು ಮನೆಯ ಹೆಂಗಸರು. ಹೊರಡುವ ಮುಂಚೆ ಐದು ನಿಮಿಷ ಅಡುಗೆಮನೆಗೆ ಹೋಗಿ, ಅವರ ಜೊತೆ ಡಬ್ಬಗಳನ್ನು ತೆರೆದು ನೋಡಿ, ಪಟ್ಟಿ ಬರೆದುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ್ದನ್ನು ಅಂಗಡಿಯಲ್ಲಿ ಕಂಡರೆ ಬಿಟ್ಟು ಬನ್ನಿ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಆಗುವುದಿಲ್ಲ. ಈ ತಿಂಗಳು ಒಂದು ಕೆಲಸ ಮಾಡಿ. ಹೊಸ ಉಪ್ಪಿನ ಪ್ಯಾಕೆಟ್, ಹೊಸ ಎಣ್ಣೆ ಕ್ಯಾನ್ ಒಡೆಯುವಾಗ ಅದರ ಮೇಲೆ ಪೆನ್ನಿನಿಂದ ಆ ದಿನದ ದಿನಾಂಕ ಬರೆಯಿರಿ. ಮುಗಿದ ದಿನವನ್ನೂ ಗುರುತು ಹಾಕಿಕೊಳ್ಳಿ. ಎಷ್ಟು ದಿನ ಬಂತು ಎಂದು ಮನೆಮಂದಿಯೆಲ್ಲ ಕುಳಿತು ಲೆಕ್ಕ ಹಾಕಿ, ಮುಂದಿನ ತಿಂಗಳ ಪಟ್ಟಿಯನ್ನು ಅದರ ಮೇಲೆ ಬರೆಯಿರಿ. ವೈದ್ಯರ ಬಳಿ ಹೋಗುವಾಗ ರಕ್ತ ಪರೀಕ್ಷೆಯ ಚೀಟಿಯ ಜೊತೆ ಆ ಪಟ್ಟಿಯನ್ನೂ ಕೊಂಡುಹೋದರೆ ಅವರ ಕೆಲಸ ಅರ್ಧ ಸುಲಭವಾಗುತ್ತದೆ.